ಅವ್ವನ ಗಡ್ಡೆಗೆ ಜೀವ ಇತ್ತೇ

ಆಗ ನಾನು ಬೆಳಗಾವಿಯ ಕ್ಯಾಂಪ್ ಭಾಗದಲ್ಲಿದ್ದ ಒಂದು ಸ್ಕ್ಯಾನ್ ಸೆಂಟರಿನಲ್ಲಿ ವರದಿ ಟೈಪ್ ಮಾಡುವ ಕೆಲಸದಲ್ಲಿದ್ದೆ. ಬೆಳಿಗ್ಗೆ ಖಾನಾಪುರದಿಂದ ಬಸ್ಸು, ಸಂಜೆ ತಿರುಗಿ ಬಸ್ಸು. ಎರಡು ಸಾವಿರದ ಇಸವಿ ಹುಟ್ಟಿದ ದಿನ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವೆ ಎಂದು ಊರೆಲ್ಲ ಗುಲ್ಲೆದ್ದಿತ್ತು. ನಮ್ಮದು ಮೊದಲೇ ಅರ್ಧ ಕೆಟ್ಟಿದ್ದರಿಂದ ಅದಕ್ಕೇನೂ ಆಗಲಿಲ್ಲ. ಅದರ ಮುಂದಿನ ವರ್ಷ ಕೆಟ್ಟದ್ದು ನನ್ನ ಕೈ.

ನನಗೆ ಇಂಗ್ಲಿಷ್ ಬರುತ್ತಿತ್ತು ಎಂದರೆ ಸುಳ್ಳು, ಬರುತ್ತಿರಲಿಲ್ಲ ಎಂದರೂ ಸುಳ್ಳು. ವರದಿಯ ಇಂಗ್ಲಿಷ್ ಬರುತ್ತಿತ್ತು. ಸ್ಕ್ಯಾನ್ ಮಾಡುವ ಡಾಕ್ಟರು ಒಳಗಿನಿಂದ ಒಂದು ಚೀಟಿ ಕಳಿಸುತ್ತಿದ್ದರು. ಅದರಲ್ಲಿ ಅಳತೆಗಳು, ನಾಲ್ಕಾರು ಮೊಟಕು ಶಬ್ದಗಳು. ಅದನ್ನು ನಾನು ಒಂದು ಪುಟದ ವರದಿಯಾಗಿ ಬೆಳೆಸಬೇಕು. ದಿನಕ್ಕೆ ಮೂವತ್ತು ವರದಿಗಳನ್ನು ಮೊದಲಿಂದ ಹೊಡೆಯಲು ನನಗೇನು ಹತ್ತು ಕೈ ಇರಲಿಲ್ಲ. ಅದಕ್ಕೇ ಪ್ರತಿ ತಪಾಸಣೆಗೂ ಎರಡೆರಡು ಮಾದರಿ ಮಾಡಿ ಕಂಪ್ಯೂಟರಿನಲ್ಲಿಟ್ಟುಕೊಂಡಿದ್ದೆ. ಒಂದು ತೊಂದರೆ ಇಲ್ಲದವರದು, ಒಂದು ಇದ್ದವರದು. ಮೊದಲನೆಯದಕ್ಕೆ ‘ಚೊಲೋ’ ಎಂದೂ ಎರಡನೆಯದಕ್ಕೆ ‘ಕೆಟ್ಟ’ ಎಂದೂ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಟ್ಟಿದ್ದೆ. ಚೀಟಿ ನೋಡಿ, ತಕ್ಕ ಮಾದರಿ ತೆರೆದು, ಹೆಸರು, ವಯಸ್ಸು, ಅಳತೆ ತಿದ್ದಿದರೆ ಕೆಲಸ ಮುಗಿಯಿತು. ಡಾಕ್ಟರು ಬಂದು ಕಟ್ಟಿಗೆ ಕಟ್ಟೇ ಸಹಿ ಮಾಡುತ್ತಿದ್ದರು. ನನ್ನ ಕೈಯ ಮೇಲೆ ಅವರಿಗೆ ನಂಬಿಕೆ ಇತ್ತು. ನನಗೆ ಅವರಿಗಿಂತ ತುಸು ಹೆಚ್ಚೇ ಇತ್ತು.

ಮನೆಯಲ್ಲಿ ನನಗೆ ಇದ್ದವಳು ಅವ್ವ ಒಬ್ಬಳೇ. ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಪ್ಪ ನಾನು ಏಳನೇ ಇಯತ್ತೆಯಲ್ಲಿದ್ದಾಗ ತೀರಿಕೊಂಡಿದ್ದ. ಅವ್ವ ಎರಡು ಎಮ್ಮೆ ಕಟ್ಟಿ, ಮನೆಮನೆಗೆ ಹಾಲು ಹಾಕಿ ನನ್ನನ್ನು ಓದಿಸಿದಳು. ಮಾತು ಬಹಳ, ಬೈಗುಳ ಅದಕ್ಕಿಂತ ಬಹಳ. ಅವಳು ಮರಾಠಿಯಲ್ಲಿ ಬೈದರೆ ಸಿಟ್ಟು ಅರ್ಧ, ಕನ್ನಡದಲ್ಲಿ ಬೈದರೆ ಪೂರ್ತಿ ಎಂಬುದು ನಮ್ಮ ಓಣಿಗೆಲ್ಲ ಗೊತ್ತಿತ್ತು. ಆದರೆ ಕೆಲವು ಮಾತುಗಳನ್ನು ಮಾತ್ರ ತಾನೂ ಆಡುತ್ತಿರಲಿಲ್ಲ, ನನ್ನನ್ನೂ ಆಡಗೊಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ದೀಪ ಆರುತ್ತಿರಲಿಲ್ಲ, ದೊಡ್ಡದಾಗುತ್ತಿತ್ತು. ಡಬ್ಬಿಯಲ್ಲಿ ಒಂದು ಕಾಳು ಅಕ್ಕಿ ಇಲ್ಲದಿದ್ದರೂ ಅದು ‘ತುಂಬಿ ಬಂದಿತ್ತು’. ನಾನು ಬಾಯಿ ತಪ್ಪಿ ಅಶುಭ ಆಡಿದರೆ ತಲೆಗೊಂದು ಮೊಟಕಿ, "ಬಿಡ್ತು ಅನ್ನು. ಮನಿದೇವರು ಅಸ್ತು ಅಂತೈತಿ," ಅನ್ನುತ್ತಿದ್ದಳು. ನಾನು ಕಂಪ್ಯೂಟರ್ ಕಲಿತವಳೆಂಬ ಗತ್ತಿನಲ್ಲಿ ನಗುತ್ತಿದ್ದೆ. ನಕ್ಕರೂ ‘ಬಿಡ್ತು’ ಅನ್ನದೆ ಇರುತ್ತಿರಲಿಲ್ಲ.

ಅಂಥ ಅವ್ವನಿಗೆ ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ನನಗೆ ಹೇಳಲು ನಾಲ್ಕು ತಿಂಗಳು ತೆಗೆದುಕೊಂಡಳು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಅದು ಅಕ್ಕಪಕ್ಕಕ್ಕೂ ಹಬ್ಬಿತ್ತು. ಕತ್ತರಿ ಹಾಕುವ ಹಂತ ದಾಟಿದೆ ಎಂದು ಕರೆಂಟು ಕೊಟ್ಟರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆಯ ಮಂದಿ ಕರೆಂಟು ಅಂತಲೇ ಅನ್ನುವುದು. ಮನೆಯಲ್ಲಿ ಅದಕ್ಕೆ ಇದ್ದ ಹೆಸರು ‘ಆ ಬ್ಯಾನಿ’ ಎಂದಷ್ಟೇ. ಅವ್ವ ವಾಂತಿ ಮಾಡಿಕೊಳ್ಳುತ್ತ, ಭೇದಿಯಲ್ಲಿ ಹಿಂಡಿ ಹೋಗುತ್ತ, ಎಮ್ಮೆಗಳಿಗೆ ಹಿಂಡಿ ಹಾಕಲು ನನಗೆ ಬರುವುದಿಲ್ಲವೆಂದು ಬೈಯುತ್ತ ಆ ದಿನಗಳನ್ನು ಮುಗಿಸಿದಳು.

ಕರೆಂಟು ಮುಗಿದು ಕೆಲವು ತಿಂಗಳಾದ ಮೇಲೆ ಸಿಟಿ ಸ್ಕ್ಯಾನ್ ಮಾಡಿದರೆ ಅಲ್ಲೊಂದು ಗಡ್ಡೆ ಉಳಿದಿತ್ತು. ಲಿಂಬೆಹಣ್ಣಿನಷ್ಟು ಇದ್ದದ್ದು ಅಡಿಕೆಯಷ್ಟಾಗಿತ್ತು, ಆದರೆ ಇತ್ತು. ಕರೆಂಟು ಕೊಟ್ಟ ಡಾಕ್ಟರು ನಡುವಯಸ್ಸಿನ ಹೆಂಗಸು. ಅವ್ವ ಅವರನ್ನು ಡಾಕ್ಟರ್ ಬಾಯಾರ ಎಂದು ಕರೆಯುತ್ತಿದ್ದಳು. ಅವರು ನನ್ನನ್ನು ಹೊರಗೆ ಕರೆದು ಹೇಳಿದರು. "ಇದಕ್ಕ ಇನ್ನೂ ಜೀವ ಐತೋ, ಇಲ್ಲಾ ಗಾಯ ಮಾಯ್ದು ಉಳಿದ ಗಂಟೋ, ಸಿಟಿಯೊಳಗ ತಿಳಿಯೂದಿಲ್ಲವಾ. ಒಂದು ಚೂರು ತಗದು ಕಳಸಿದ್ದೆ, ಏನೂ ಸಿಕ್ಕಿಲ್ಲ. ಸಿಕ್ಕಿಲ್ಲ ಅಂದ್ರ ಇಲ್ಲ ಅಂತಲ್ಲ."

ಜೀವ ಇದ್ದರೆ ತಡಮಾಡದೆ ಆಪರೇಶನ್ ಮಾಡಬೇಕು. ಅದೊಂದೇ ಉಳಿದ ದಾರಿ. ಜೀವ ಇಲ್ಲದಿದ್ದರೆ ಮುಟ್ಟಲೇಬಾರದು, ಯಾಕೆಂದರೆ ಕರೆಂಟು ತಿಂದ ಮೈ ಕತ್ತರಿಸಿದರೆ ಬೇಗ ಮಾಯುವುದಿಲ್ಲ. ಮೂತ್ರದ ಚೀಲ ತೂತಾಗಬಹುದು, ಕರುಳು ತೂತಾಗಬಹುದು. ಹೀಗೆ ಅವ್ವನ ಬದುಕು ಅಡಿಕೆಯಷ್ಟು ಗಂಟಿಗೆ ಬಂದು ನಿಂತಿತು. ಅದರೊಳಗೆ ರಕ್ತ ಹರಿಯುತ್ತದೋ ಇಲ್ಲವೋ ನೋಡಲು ಕಲರ್ ಡಾಪ್ಲರ್ ಎಂಬ ತಪಾಸಣೆ ಬರೆದುಕೊಟ್ಟರು. ಅದು ಇದ್ದದ್ದು ನಾನು ಕೆಲಸ ಮಾಡುವ ಸೆಂಟರಿನಲ್ಲಿಯೇ.

ಆ ದಿನ ಅವ್ವ ನನ್ನ ಜೊತೆ ಬೆಳಗಿನ ಬಸ್ಸಿಗೆ ಬಂದಳು. ಡಾಪ್ಲರಿಗೆ ಒಳಗಿನಿಂದ ನಳಿಗೆ ಇಟ್ಟು ನೋಡುತ್ತಾರೆ. ಅವ್ವ ನನ್ನ ಮಣಿಕಟ್ಟು ಹಿಡಿದು, ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ಬಾಯಿಂದ ಒಂದು ಮಾತಿಲ್ಲ. ಅಷ್ಟು ಮಾತಿನ ಹೆಂಗಸು ಸುಮ್ಮನಾದದ್ದೇ ನನಗೆ ಮೊದಲ ಹೆದರಿಕೆ. ಪರದೆಯ ಮೇಲೆ ಬೂದು ಬಣ್ಣದ ನಡುವೆ ಕೆಂಪು, ನೀಲಿ ಚುಕ್ಕೆಗಳು ಮಿಣುಕುತ್ತಿದ್ದವು. ಕೆಂಪು ರಕ್ತ ಈ ಕಡೆ ಬರುವುದು, ನೀಲಿ ಆ ಕಡೆ ಹೋಗುವುದು ಎಂದು ಗೊತ್ತಿತ್ತು. ಯಾವುದು ಗಡ್ಡೆಯೊಳಗಿನದು, ಯಾವುದು ಆಚೆಯದು ಎಂದು ತಿಳಿಯುವಷ್ಟು ಗೊತ್ತಿರಲಿಲ್ಲ. ಸ್ಕ್ಯಾನ್ ಮಾಡುತ್ತಿದ್ದ ನಮ್ಮ ಡಾಕ್ಟರ ಮುಖ ನೋಡಿದೆ. ಅವರು ಪರದೆ ಬಿಟ್ಟು ಬೇರೆಲ್ಲೂ ನೋಡಲಿಲ್ಲ.

ಆಗಲೇ ಇನ್ನೊಂದು ಆಸ್ಪತ್ರೆಯಿಂದ ಅವರಿಗೆ ತುರ್ತು ಕರೆ ಬಂತು. ಚೀಟಿ ಬರೆದು ನನ್ನ ಟೇಬಲ್ಲಿನ ಮೇಲಿಟ್ಟರು. "ಓದ್ಕೋ ತಂಗಿ. ನಾಳಿಗೆ ಮಾತಾಡೂಣು," ಎಂದರು. ಡಾಕ್ಟರ್ ಬಾಯಾರು ಅವ್ವನಿಗೆ ಮಧ್ಯಾಹ್ನವೇ ಬರಲು ಹೇಳಿದ್ದರಿಂದ ವರದಿ ಕೂಡಲೇ ಬೇಕಾಗಿತ್ತು. ಅವ್ವ ಹೊರಗೆ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ನಾನು ಕಂಪ್ಯೂಟರಿನ ಮುಂದೆ ಕೂತೆ.

ಇಲ್ಲಿಂದ ಮುಂದಿನದನ್ನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಚೀಟಿಯ ಮೇಲಿನ ಸಾಲಿನಲ್ಲಿ ಅಳತೆ ಇತ್ತು, ಅದನ್ನು ಓದಿದೆ. ಎರಡೂ ಮಾದರಿಗಳು ಪರದೆಯ ಮೇಲಿದ್ದವು. ‘ಕೆಟ್ಟ’ ಎಂಬ ಮಾದರಿಯ ಮೇಲೆ ಅವ್ವನ ಹೆಸರು ಬರೆಯಲು ನನಗೆ ಕೈ ಬರಲಿಲ್ಲ. ಚೀಟಿಯಲ್ಲಿ ಏನೇ ಇರಲಿ, ಶುರು ಮಾಡುವುದು ಚೊಲೋದರಿಂದ ಮಾಡೋಣ, ಆಮೇಲೆ ಬೇಕಾದ ಸಾಲು ತಿದ್ದಿದರಾಯಿತು ಎಂದುಕೊಂಡೆ. ದಿನಾ ಮಂದಿಯ ಅವ್ವಂದಿರ ಹೆಸರನ್ನು ಆ ಇನ್ನೊಂದು ಮಾದರಿಯ ಮೇಲೆ ಟಕಟಕ ಹೊಡೆದು, ನಡುವೆ ಚಹಾ ಕುಡಿದವಳು ನಾನು. ‘ಚೊಲೋ’ ತೆರೆದೆ. ಹೆಸರು, ವಯಸ್ಸು, ಅಳತೆ ಹಾಕಿದೆ. ಕೊನೆಯ ಎರಡು ಸಾಲು ತಿದ್ದಲಿಲ್ಲ. ಗಡ್ಡೆಯಲ್ಲಿ ರಕ್ತದ ಹರಿವು ಕಾಣುವುದಿಲ್ಲ, ಮಾಯ್ದ ಗಾಯದ ಗಂಟು ಇರಬಹುದು ಎಂಬ ಸಾಲುಗಳು. ಪ್ರಿಂಟು ತೆಗೆದು, ಹೊರಗೆ ಓಡಿ, ಕಾರು ಹತ್ತುತ್ತಿದ್ದ ಡಾಕ್ಟರ ಮುಂದೆ ಹಿಡಿದೆ. ಅವರು ಬಾನೆಟ್ಟಿನ ಮೇಲಿಟ್ಟು ಸಹಿ ಮಾಡಿ ಹೋದರು.

ಚೀಟಿಯ ಕೆಳಗಿನ ಸಾಲುಗಳನ್ನು ನಾನು ಓದಲಿಲ್ಲವೋ, ಓದಿಯೂ ಕಣ್ಣು ಒಳಗೆ ಬಿಟ್ಟುಕೊಳ್ಳಲಿಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಯಾರಾದರೂ ದೇವರ ಮುಂದೆ ನಿಲ್ಲಿಸಿ ಕೇಳಿದರೂ ಇದೇ ಉತ್ತರ.

ಡಾಕ್ಟರ್ ಬಾಯಾರು ವರದಿ ಓದಿ ಅವ್ವನ ಭುಜ ತಟ್ಟಿದರು. "ಚೊಲೋ ಐತ್ರಿ. ಮೂರು ತಿಂಗಳ ಬಿಟ್ಟು ಬರ್ರಿ," ಎಂದರು. ಅವ್ವ ಅವರಿಗೆ ಕೈಮುಗಿದಳು. ಬಸ್ಸು ಹತ್ತಿದ ಮೇಲೆ ಬಾಜು ಕೂತಿದ್ದ, ಗುರುತಿಲ್ಲದ ಹೆಂಗಸಿಗೆ ತನ್ನ ಬ್ಯಾನಿಯ ಕಥೆ ಎಲ್ಲ ಹೇಳಿದಳು, ಮೊದಲಿಂದ ಕೊನೆಯವರೆಗೆ, ಖಾನಾಪುರ ಬರುವತನಕ. ಮರುದಿನದಿಂದ ಎಮ್ಮೆ ಹಿಂಡಲು ತಾನೇ ಕೂತಳು. ಕೊಟ್ಟಿಗೆಯ ಹಂಚು ಸರಿಪಡಿಸಿದಳು. ನನ್ನ ಮದುವೆಯ ಮಾತು ಮತ್ತೆ ತೆಗೆದಳು, ಅದೂ ಜೋರಾಗಿ. ನಾಲ್ಕೇ ದಿನಕ್ಕೆ ಅವಳ ಗಲ್ಲದಲ್ಲಿ ಬಣ್ಣ ಬಂದಂತೆ ನನಗೆ ಕಂಡಿತು.

ನಾಳೆ ಮಾತಾಡೋಣ ಎಂದಿದ್ದ ಡಾಕ್ಟರು ಮರುದಿನವೂ ಮಾತಾಡಲಿಲ್ಲ, ಅದರ ಮರುದಿನವೂ ಇಲ್ಲ. ನನ್ನ ಟೇಬಲ್ಲಿನ ಮುಂದೆ ತಲೆ ತಗ್ಗಿಸಿ ಹಾದುಹೋಗುತ್ತಿದ್ದರು. ಕೆಲಸ ಬಹಳ, ಪಾಪ, ಎಂದುಕೊಂಡೆ. ಐದನೆಯ ದಿನ ಅವ್ವ ಬಾಸುಂದಿ ಮಾಡಿ ಸ್ಟೀಲಿನ ಡಬ್ಬಿಯಲ್ಲಿ ಹಾಕಿಕೊಟ್ಟಳು, ಡಾಕ್ಟರಿಗೆ ಎಂದು. ಮಧ್ಯಾಹ್ನ ಅವರ ಮುಂದಿಟ್ಟೆ. ಒಂದು ಚಮಚ ಬಾಯಿಗಿಟ್ಟುಕೊಂಡು, ಎರಡನೆಯದು ತುಂಬುತ್ತ, ನನ್ನ ಮುಖ ನೋಡದೆ ಕೇಳಿದರು. "ಅವ್ವಗ ಆಪರೇಶನ್ ಯಾವತ್ತ ಅಂದ್ರು?"

"ಯಾವ ಆಪರೇಶನ್ ಸರ್? ಚೊಲೋ ಬಂತಲ್ಲರಿ. ಅದಕ್ಕ ಅವ್ವ ಬಾಸುಂದಿ ಕಳಿಸ್ಯಾಳ."

ಅವರು ಚಮಚ ಕೆಳಗಿಟ್ಟರು. "ಯಾರು ಹೇಳಿದ್ರು ಚೊಲೋ ಅಂತ?"

ಹೊರಗೆ ಬಂದು, ಚೀಟಿಗಳನ್ನು ಚುಚ್ಚಿಡುವ ಕಬ್ಬಿಣದ ಮೊಳೆಯಿಂದ ಒಂದೊಂದೇ ತೆಗೆದು ನೆಲದ ಮೇಲೆ ಹಾಕುತ್ತ ಹೋದೆ. ಐದು ದಿನದ ಮಂದಿಯ ಹೊಟ್ಟೆ, ಪಿತ್ತಕೋಶ, ಬಸುರು, ಎಲ್ಲ ನೆಲದ ಮೇಲೆ. ಅವ್ವನ ಚೀಟಿ ಸಿಕ್ಕಿತು. ಅಕ್ಷರ ಎಷ್ಟು ಸ್ಪಷ್ಟವಾಗಿತ್ತೆಂದರೆ ಸಾಲಿಗೆ ಹೋಗುವ ಮಗು ಓದಬಹುದಿತ್ತು. ಗಡ್ಡೆಯ ಹಿಂದಿನ ಎಡ ಅಂಚಿನಲ್ಲಿ ರಕ್ತದ ಹರಿವು ಇದೆ. ಹರಿವಿಗೆ ತಡೆ ಕಡಿಮೆ. ಜೀವಂತ ಗಡ್ಡೆಯ ಸಂಶಯ. ಕೊನೆಯ ಶಬ್ದದ ಕೆಳಗೆ ಎರಡು ಗೆರೆ ಎಳೆದಿದ್ದರು.

ನಾನು ಆ ಚೀಟಿ ಹಿಡಿದು ಅವರ ಕೋಣೆಗೆ ಹೋಗುವುದಕ್ಕೂ ಅದನ್ನು ಬಾಯಿಗೆ ಹಾಕಿ ನುಂಗಿಬಿಡುವುದಕ್ಕೂ ನಡುವೆ ಒಂದು ಕ್ಷಣ ಇತ್ತು. ಇಂಥದ್ದನ್ನು ಬರೆಯುವಾಗಲಾದರೂ ಸುಳ್ಳು ಬೇಡ. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಮೊದಲು ಬಂತು, ಅವ್ವ ಸಾಯುತ್ತಾಳೆ ಎಂಬುದು ಅದರ ಬೆನ್ನಿಗೆ ಬಂತು. ಆ ಸರದಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಚೀಟಿ ಒಯ್ದು ಮುಂದಿಟ್ಟೆ. ಡಾಕ್ಟರು ಬೈಯಲಿಲ್ಲ. ವರದಿಯ ಪ್ರತಿಯನ್ನೂ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಓದಿದರು. "ನೀ ಓದಿರ್ತೀ ಅಂತ ನಾ ಸುಮ್ಮನಿದ್ದೆ," ಎಂದರು. "ನಿನ್ನ ಮುಂದ ಏನಂತ ಮಾತು ತಗೀಬೇಕು ತಿಳೀಲಿಲ್ಲ. ನೋಡದ ಸಹಿ ಮಾಡಿದ್ದು ನಂದೂ ತಪ್ಪು." ಆಮೇಲೆ ಡಾಕ್ಟರ್ ಬಾಯಾರಿಗೆ ಫೋನ್ ಹಚ್ಚಿ, ವರದಿ ತಪ್ಪಾಗಿದೆ, ಸಹಿ ತಮ್ಮದು ಎಂದರು. ನನ್ನ ಹೆಸರು ಹೇಳಲಿಲ್ಲ. ನಾನು ಅಲ್ಲಿಯೇ ನಿಂತಿದ್ದೆ.

ಫೋನಿಟ್ಟ ಮೇಲೆ ನನ್ನನ್ನು ಕೂರಿಸಿ ತಿಳಿಸಿ ಹೇಳಿದರು. ಎಷ್ಟೋ ವರ್ಷ ಆ ಶಬ್ದಗಳನ್ನು ಟೈಪ್ ಮಾಡಿದ್ದೆ, ಅರ್ಥ ಆದದ್ದು ಅವತ್ತೇ. "ನಿಮ್ಮ ಖಾನಾಪುರ ಕಡೆ ಭತ್ತದ ಗದ್ದಿ ಅದಾವಲ್ಲ. ಸಿಟಿ ಅಂದ್ರ ಗದ್ದಿ ಬದು ಅಳದಂಗ. ಎಷ್ಟು ಉದ್ದ, ಎಷ್ಟು ಅಗಲ, ಅಷ್ಟ. ಒಳಗ ಪೀಕು, ಬೆಳಿ ಐತೋ ಇಲ್ಲೋ ಅದಕ್ಕ ತಿಳಿಯೂದಿಲ್ಲ. ಡಾಪ್ಲರ್ ಕಾಲುವಿ ನೋಡತೈತಿ, ನೀರು ಹರದು ಬರಾಕತ್ತೈತೇನು ಅಂತ. ಸಣ್ಣ ಸಣ್ಣ ಕಾಲುವಿ ಇದ್ರ ಅದಕ್ಕೂ ಕಾಣೂದಿಲ್ಲ. ಎಂಆರ್‌ಐದಾಗ ನರಕ್ಕ ಒಂದು ಔಷಧ ಬಿಟ್ಟು, ಮ್ಯಾಲಿಂದ ಮ್ಯಾಲ ಫೋಟೋ ತಗೀತಾರ. ಗದ್ದಿ ಎಷ್ಟು ಲಗೂ ನೀರು ಕುಡೀತೈತಿ ಅನ್ನೂದು ಗೊತ್ತಾಗತೈತಿ. ಜೀವ ಇದ್ದ ಗಡ್ಡಿ ಗಟಗಟ ಕುಡೀತೈತಿ. ಮಾಯ್ದ ಗಾಯ ಸಾವಕಾಶ ಕುಡೀತೈತಿ."

"ಅದರಾಗ ಪಕ್ಕಾ ತಿಳಿತೈತೇನ್ರಿ ಸರ್?"

"ಕರೆಂಟು ಕೊಟ್ಟಲ್ಲಿ ಉರಿ ಇರತೈತಲ್ಲ, ಅದೂ ಲಗೂ ಕುಡೀತೈತಿ. ಹಂಗಾಗಿ ಪೂರಾ ಪಕ್ಕಾ ಅನ್ನಾಕ ಆಗೂದಿಲ್ಲ. ಹೊರಗಿನ ದೇಶದಾಗ ಸಕ್ಕರಿ ಏರಿಸಿ, ಗಡ್ಡಿ ಅದನ್ನ ತಿಂತೈತೋ ಇಲ್ಲೋ ನೋಡೂ ಮಷೀನು ಬಂದೈತಿ. ನಮಗ ಇರೂದು ಇವೆರಡ. ಎರಡೂ ಬಾಜು ಬಾಜು ಇಟ್ಟು ನೋಡೂಣು."

ಆ ಸಂಜೆ ಖಾನಾಪುರದ ಬಸ್ಸು ಎಲ್ಲಿಯೂ ನಿಲ್ಲದೆ ಗೋವೆಯವರೆಗೆ ಹೋಗಿಬಿಟ್ಟರೆ ಚೆನ್ನಾಗಿತ್ತು ಎನಿಸಿತು. ಮನೆಗೆ ಬಂದರೆ ಅವ್ವ ಕೊಟ್ಟಿಗೆಯಲ್ಲಿ ಹಾಲು ಹಿಂಡುತ್ತಿದ್ದಳು. "ಬಾಸುಂದಿ ತಿಂದ್ರೇನು?" ಎಂದಳು. ನಾನು ಎಮ್ಮೆಯ ಆ ಬದಿಗೆ ನಿಂತು, ಅವಳ ಮುಖ ಕಾಣದ ಹಾಗೆ, ಎಲ್ಲ ಹೇಳಿದೆ. ಮಾದರಿ, ಚೀಟಿ, ಕೈ ಬರದಿದ್ದದ್ದು, ಬಾನೆಟ್ಟಿನ ಮೇಲಿನ ಸಹಿ. ಹಾಲಿನ ಸಪ್ಪಳ ನಿಲ್ಲಲಿಲ್ಲ. ನಾನು ಮುಗಿಸಿದ ಮೇಲೂ ಅವಳು ಹಿಂಡುವುದನ್ನು ಪೂರ್ತಿ ಮುಗಿಸಿ, ಬಕೆಟ್ಟು ಆಚೆ ಇಟ್ಟು ಎದ್ದಳು.

"ಡಾಕ್ಟರಿಗೆ ಹೇಳಿದಿ?"

"ಹೇಳೇನಿ."

"ಬೈದರ?"

"ಇಲ್ಲವ್ವ."

"ಹಂಗಾರ ನಾನ ಬೈಬೇಕಾತು," ಎಂದಳು. ಬೈದಳು. ಕನ್ನಡದಲ್ಲಿ. ಕಲಿತದ್ದು ಎಲ್ಲಿ ಮಣ್ಣು ತಿನ್ನಲು ಹೋಗಿತ್ತು, ಮಂದಿ ತಾಯಂದಿರು ಮನುಷ್ಯರಲ್ಲವೇ, ಅವರದು ನೆಟ್ಟಗೆ ಬರೆದವಳಿಗೆ ತನ್ನದು ಬರೆಯಲು ಏನಾಗಿತ್ತು ಎಂದಳು. ಆಮೇಲೆ ಹುಲ್ಲಿನ ಪೆಂಡಿಯ ಮೇಲೆ ಕುಸಿದು ಕೂತು, "ನನಗ ಅಂಜಿಕಿ ಬರಾಕತ್ತೈತಿ ಯವ್ವಾ," ಎಂದಳು. ಅವಳ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೇ ಮೊದಲು. ನನ್ನಲ್ಲಿ ಅವಳಿಗೆ ಕೊಡಲು ಧೈರ್ಯ ಇರಲಿಲ್ಲ. ಬಾಜು ಕೂತು ನಾನೂ ಅತ್ತೆ.

ಎಂಆರ್‌ಐ ಊರಿನ ಇನ್ನೊಂದು ಕಡೆ ಇತ್ತು, ಬಂದು ಬಹಳ ದಿನವಾಗಿರಲಿಲ್ಲ. ಅವ್ವನ ಕಿವಿಯ ಬೆಂಡೋಲೆ ಬಿಚ್ಚಿ ನನ್ನ ಕೈಗೆ ಕೊಟ್ಟರು. ಮಗಳು ಕಾಲ ಬಳಿ ಕೂರಬಹುದು ಎಂದರು. ನಾನು ಅವಳ ಪಾದ ಹಿಡಿದು ಕೂತೆ. ಹಿಮ್ಮಡಿ ಒಡೆದ, ಸಗಣಿ ತುಳಿದ ಪಾದ, ಅವತ್ತು ತಣ್ಣಗಿತ್ತು. ಯಂತ್ರ ಹಿಟ್ಟಿನ ಗಿರಣಿಯ ಹಾಗೆ ಬಡಿದುಕೊಳ್ಳಲು ಶುರು ಮಾಡಿತು. ನಡುವೆ ನರಕ್ಕೆ ಔಷಧ ಬಿಟ್ಟರು. ಈಗ ಅದು ಕುಡಿಯುತ್ತಿದೆಯೋ, ಗಟಗಟ ಕುಡಿಯುತ್ತಿದೆಯೋ ಎಂದು ನಾನು ಅವಳ ಹೆಬ್ಬೆರಳನ್ನು ಒತ್ತಿ ಹಿಡಿದಿದ್ದೆ. ಹೊರಗೆ ಬಂದ ಮೇಲೆ ಅವ್ವ, "ಇಷ್ಟೊತ್ತು ಬೀಸಿದ್ರು, ಒಂದು ಬೊಗಸಿ ಹಿಟ್ಟು ಬರಲಿಲ್ಲ," ಎಂದಳು. ನಾನು ನಕ್ಕೆ.

ನಮ್ಮ ಡಾಕ್ಟರೇ ಹೋಗಿ ಆ ಚಿತ್ರಗಳನ್ನು ನೋಡಿದರು. ಮರುದಿನ ನನ್ನನ್ನು ಕರೆದು ಬೆಳಕಿನ ಹಲಗೆಯ ಮೇಲೆ ಸಾಲಾಗಿ ಸಿಕ್ಕಿಸಿದರು. ಔಷಧ ಬಿಡುವ ಮೊದಲಿನದು, ಬಿಟ್ಟು ಅರ್ಧ ನಿಮಿಷದ್ದು, ಒಂದು ನಿಮಿಷದ್ದು, ಹಾಗೆ ಮುಂದಕ್ಕೆ. ಗಡ್ಡೆಯ ಬಹುಪಾಲು ಕಪ್ಪಗೇ ಉಳಿದು ಕೊನೆಕೊನೆಗೆ ನಿಧಾನವಾಗಿ ಬೆಳ್ಳಗಾಗಿತ್ತು. ಹಿಂದಿನ ಎಡ ಅಂಚು ಮಾತ್ರ ಉಗುರಿನ ತುದಿಯಷ್ಟು, ಎರಡನೆಯ ಚಿತ್ರದಲ್ಲೇ ಬೆಳ್ಳಗಾಗಿತ್ತು. ಡಾಪ್ಲರಿನಲ್ಲಿ ಕೆಂಪು ಕಂಡದ್ದೂ ಅಲ್ಲಿಯೇ. "ಇದು ಉರಿನೂ ಇರಬಹುದು," ಎಂದರು. "ಆದ್ರ ಎರಡೂ ಒಂದ ಜಾಗಾ ತೋರಸ್ತಾವ." ಆ ವರದಿಯನ್ನು ನನಗೆ ಕೊಡಲಿಲ್ಲ. ನನ್ನ ಕುರ್ಚಿಯಲ್ಲಿ ಕೂತು, ಎರಡೇ ಬೆರಳಿನಿಂದ, ಒಂದೊಂದು ಅಕ್ಷರ ಹುಡುಕಿ ಹುಡುಕಿ ತಾವೇ ಹೊಡೆದರು. ನಾನು ಹಿಂದೆ ನಿಂತು ನೋಡಿದೆ. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಡಾಕ್ಟರ್ ಬಾಯಾರು ಎರಡೂ ವರದಿಗಳನ್ನು ಮುಂದಿಟ್ಟುಕೊಂಡು ಅವ್ವನಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. ಆಪರೇಶನ್ ಮಾಡಿದರೆ ಆಗುವ ಅಪಾಯ, ಮಾಡದೆ ಮೂರು ತಿಂಗಳು ಕಾದು ಮತ್ತೆ ಚಿತ್ರ ತೆಗೆದರೆ ಆಗಬಹುದಾದ ಅಪಾಯ. "ಪಕ್ಕಾ ಹೇಳು ಅಂದ್ರ ನನಗ ಆಗೂದಿಲ್ರಿ. ನೀವ ಹೇಳಬೇಕು."

ಅವ್ವ ಅವರ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದಳು. "ನೀ ದಿನಾ ಇದನ್ನ ಬರಿಯಾಕಿ. ಖರೇ ಹೇಳು. ಐತೋ ಇಲ್ಲೋ?"

ಇಲ್ಲ ಎಂದು ಅದು ಇದ್ದರೆ ಅವ್ವನನ್ನು ಎರಡನೆಯ ಸಲ ನಾನೇ ಕೊಂದಂತೆ. ಇದೆ ಎಂದು ಇಲ್ಲದಿದ್ದರೆ, ನೆಟ್ಟಗಿದ್ದ ಮೈಯನ್ನು ಕೊಯ್ಯಿಸಿ ಜನ್ಮಪೂರ್ತಿ ಸೋರುವ ಹಾಗೆ ಮಾಡಿದಂತೆ. ಕುರ್ಚಿಯ ಹಿಡಿಕೆ ಹಿಡಿದುಕೊಂಡೆ. ಆ ಎರಡನೆಯ ಚಿತ್ರದ ಬಿಳಿ ಅಂಚು ಕಣ್ಣ ಮುಂದಿನಿಂದ ಹೋಗಲೊಲ್ಲದು.

"ಐತಿ ಅನಸ್ತೈತವ್ವ," ಎಂದೆ. "ಜೀವ ಐತಿ ಅದರಾಗ."

ಅವ್ವ ನನಗೆ ಬಿಡ್ತು ಅನ್ನು ಎನ್ನಲಿಲ್ಲ. ಸೆರಗು ಹೊದ್ದುಕೊಂಡು, "ತಗದ ಬಿಡ್ರಿ ಡಾಕ್ಟರ್ ಬಾಯಾರ," ಎಂದಳು.

ಆಪರೇಶನ್ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನ ಮುಗಿಯಿತು. ಅಷ್ಟು ಹೊತ್ತು ನಾನು ಹೊರಗೆ ಕೂತು, ನನ್ನ ಮಾತು ತಪ್ಪಾಗಿರಲಿ ಎಂದು ಬೇಡಿಕೊಳ್ಳಬೇಕೋ ಸರಿಯಾಗಿರಲಿ ಎಂದೋ ತಿಳಿಯದೆ, ಬರೇ ದೇವರೇ ದೇವರೇ ಅಂದೆ. ಮೂತ್ರದ ತೊಂದರೆ ಅವ್ವನಿಗೆ ಅವತ್ತಿನಿಂದ ಅಂಟಿಕೊಂಡಿತು. ಮುಂದೆ ಬಹಳ ವರ್ಷ ಅವಳು ಎಮ್ಮೆ ಕಟ್ಟಿಕೊಂಡು, ಬಟ್ಟೆ ಬದಲಿಸಿಕೊಂಡು, ಅದನ್ನೂ ನನ್ನನ್ನೂ ಬೈಯುತ್ತ ಬದುಕಿದಳು. ಆದರೆ ಅದು ಈಗ ಬರೆಯುವಾಗ ಗೊತ್ತಿರುವ ಮಾತು. ಆಗ ನನಗೆ ಗೊತ್ತಿದ್ದದ್ದು, ತೆಗೆದ ತುಂಡು ಬಾಟಲಿಯಲ್ಲಿ ಲ್ಯಾಬಿಗೆ ಹೋಗಿದೆ, ವರದಿ ಬರಲು ವಾರವಾಗುತ್ತದೆ ಎಂಬುದಷ್ಟೇ.

ವರದಿಯನ್ನು ಆಸ್ಪತ್ರೆಯ ವರಾಂಡದಲ್ಲಿ ನನ್ನ ಕೈಗೆ ಕೊಟ್ಟರು. ಈ ಸಲ ಮೊದಲ ಅಕ್ಷರದಿಂದ ಕೊನೆಯ ಚುಕ್ಕೆಯವರೆಗೆ ಬೆರಳಿಟ್ಟು ಓದಿದೆ, ಮೂರು ಸಲ ಓದಿದೆ. ಗಡ್ಡೆಯ ಬಹುಪಾಲು ಮಾಯ್ದ ಗಾಯ. ಹಿಂದಿನ ಎಡ ಅಂಚಿನಲ್ಲಿ ಕ್ಯಾನ್ಸರಿನ ಜೀವಂತ ಕಣಗಳಿವೆ. ಅದರ ಕೆಳಗೆ ಇನ್ನೊಂದು ಸಾಲಿತ್ತು. ಆ ಕಣಗಳು ಕೊಯ್ದ ಅಂಚಿಗೆ ಬಹಳ ಸಮೀಪ ಇವೆ, ಒಳಗೆ ಉಳಿದಿಲ್ಲವೆಂದು ಹೇಳಲಾಗದು.

ಒಳಗೆ ಹೋದೆ. ಅವ್ವ ನಳಿಗೆಗಳ ನಡುವೆ ಮಲಗಿದ್ದಳು. ನನ್ನ ಕೈಯ ಕಾಗದ ನೋಡಿದಳು. ದನಿ ಬಹಳ ಸಣ್ಣಗಾಗಿತ್ತು.

"ಇತ್ತೇನು?"

"ಇತ್ತವ್ವ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇನ್ನೂ ಏನೋ ಕೇಳಬೇಕೆಂದು ತುಟಿ ಅಲುಗಿಸಿದಳು. ಅವಳು ಕೇಳುವ ಮೊದಲೇ, "ಈಗಿಲ್ಲ," ಎಂದೆ.

ಮೊದಲನೆಯ ಮಾತು ವರದಿಯಲ್ಲಿತ್ತು. ಎರಡನೆಯದು ಎಲ್ಲಿಯೂ ಇರಲಿಲ್ಲ. ಅವ್ವ ಅದನ್ನು ನಂಬಿ ಕಣ್ಣು ಮುಚ್ಚಿದಳು. ನಾನು ನಂಬದೆ ಅವಳ ಪಕ್ಕದಲ್ಲಿ ಕೂತಿದ್ದೆ.